ಅಪ್ಪನ ‘ರೈಟ್’ಗೆ ಸರಿ ಹುಡುಕಿದ ಅರ್ಥಗಳು

ಅಪ್ಪಾ,

ಹೋದ ಭಾನುವಾರ ಕೆಲಮಂಗಲದ ಬಸ್ ಹತ್ತಿದೆ. ಕಂಡಕ್ಟರ್ ಬಾಯೇ ತೆರೆಯಲಿಲ್ಲ, ಸೀಟಿ ಊದಿದ, ಬಸ್ಸು ಹೊರಟಿತು. ನೀನಾಗಿದ್ದರೆ ಫುಟ್‌ಬೋರ್ಡಿನ ಮೇಲೆ ನಿಂತು, ತಗಡಿಗೆ ಅಂಗೈಯಲ್ಲಿ ಬಡಿದು, ‘ರಾಯ್ಟ್’ ಅಂತ ಎಳೆದು ಕೂಗಿ... ಆ ಕೂಗು ನಮ್ಮ ಹೊಲದವರೆಗೂ ಕೇಳುತ್ತಿತ್ತಲ್ಲ? ಅಮ್ಮ ಸೌದೆ ಒಲೆಯ ಮುಂದೆ ಕೂತಲ್ಲೇ, “ಬಂದ್ರು ನಿಮ್ಮಪ್ಪ, ತಟ್ಟೆ ಹಾಕು” ಅನ್ನುತ್ತಿದ್ದಳು.

ನಿನ್ನ ಇಂಗ್ಲಿಷೆಲ್ಲ ಆ ಒಂದು ಪದದಲ್ಲೇ ಮುಗಿಯುತ್ತಿತ್ತು. ಸಾರಿಗೆ ಉಪ್ಪು ಹಿಡಿದಿದ್ದರೆ ರೈಟ್. ಬಲಗಡೆ ತಿರುಗು ಅನ್ನೋಕೂ ರೈಟ್. ಯಾರಾದರೂ ಜಗಳಕ್ಕೆ ನಿಂತರೆ “ರೈಟ್ ರೈಟ್, ನಡೀಲಾ” ಅಂತ ಅವರನ್ನೂ ಬಸ್ಸಿನ ಹಾಗೆ ಮುಂದಕ್ಕೆ ಕಳಿಸುತ್ತಿದ್ದೆ. ಮದುವೆಯ ದಿನ ತಾಳಿ ಕಟ್ಟಿ ಪುರೋಹಿತರ ಕಡೆ ತಿರುಗಿ ರೈಟ್ ಅಂದಿದ್ದೆಯಂತೆ. ಅಮ್ಮ ಅದನ್ನು ಸಾಯೋವರೆಗೂ ಹೇಳಿಕೊಂಡು ನಕ್ಕಳು.

ಮುರಳಿ ಸರಿಯನ್ನು ಮನೆಗೆ ಕರೆತಂದ ದಿನ ಇನ್ನೂ ಕಣ್ಣಮುಂದಿದೆ. ಹಡಗು ಕಟ್ಟುವ ಕಡೆ ವೆಲ್ಡಿಂಗ್ ಮಾಡೋಕೆ ಅಂತ ಇಂಡೋನೇಷ್ಯಾಕ್ಕೆ ಹೋದ ತಮ್ಮ, ಅಲ್ಲಿನ ಹುಡುಗಿಯನ್ನೇ ಮದುವೆಯಾಗಿ ಬಂದಿದ್ದ. ಆಲಸನತ್ತಂ ಮನೆಯ ಜಗುಲಿಯಲ್ಲಿ ನೀನು ಕನ್ನಡದಲ್ಲಿ ಹೆಸರು ಕೇಳಿದೆ, ತಮಿಳಲ್ಲಿ ಕೇಳಿದೆ, ಕೊನೆಗೆ ತೆಲುಗಲ್ಲೂ ಕೇಳಿದೆ.

“ಸರಿ,” ಅಂದಳು ಅವಳು.

“ಏನ್ ಸರಿ? ಹೆಸ್ರು ಕೇಳ್ದೆ ಕಣಮ್ಮಾ.”

“ಅವಳ ಹೆಸ್ರೇ ಸರಿ ಕಣಪ್ಪ,” ಅಂದ ಮುರಳಿ.

ನೀನು, “ಸರಿ ಅಂದ್ರೆ ರೈಟು. ನಮ್ಮನೆಗೆ ರೈಟಾದೋಳೇ ಬಂದವಳೆ ಬಿಡು” ಅಂದೆ. ನಿನ್ನ ತಂಗಿ, ನಮ್ಮ ಅತ್ತೆ, ಮುಖ ತಿರುಗಿಸಿಕೊಂಡು ಒಳಗೆ ಹೋದಳು. ನೀನು ನೋಡಿದೆಯೋ ಇಲ್ಲವೋ...

ಸರಿ ಕನ್ನಡಕ್ಕಿಂತ ಮೊದಲು ಕಲಿತದ್ದು ನಿನ್ನ ಆ ಪದವನ್ನು. ಅವಳಿಗೆ ತಲೆನೋವಾದದ್ದೂ ಅದರಿಂದಲೇ. ಕಾಫಿ ಲೋಟ ಹಿಡಿದು ಎದುರು ಕೂತು ಕೇಳುತ್ತಿದ್ದಳು: ಮಾತು ನಿಜವಾದರೆ ನಮ್ಮಲ್ಲಿ ‘ಬೆನಾರ್’, ಬಲಗೈ ಆದರೆ ‘ಕಾನಾನ್’, ರವಿಕೆ ಅಳತೆಗೆ ಕೂತರೆ ‘ಪಾಸ್’, ಹೊರಡು ಅನ್ನೋಕೆ ‘ಜಾಲಾನ್’. ನೀವು ಎಲ್ಲಕ್ಕೂ ರೈಟ್ ಅಂತೀರಲ್ಲ ಮಾವ, ಗೊತ್ತಾಗೋದು ಹೇಗೆ?

“ಅಷ್ಟೊಂದ್ ಪದ ಯಾಕಮ್ಮಾ, ಒಂದು ಸಾಲ್ದಾ?” ಅನ್ನುತ್ತಿದ್ದೆ ನೀನು.

ಲಕ್ವ ಹೊಡೆದು ಬಿದ್ದ ಮೇಲೆ ಕೃಷ್ಣಗಿರಿ ಆಸ್ಪತ್ರೆಯಲ್ಲಿ ನೀನು ಮೊದಲ ಸಲ ಕಣ್ಣು ಬಿಟ್ಟಾಗ ನಾನು ಪಕ್ಕದಲ್ಲೇ ಇದ್ದೆ. ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿದೆ, ಬಲಗೈ ಬಲಗಾಲು ಬಿದ್ದಿವೆ, ಮಾತೂ ಬರೋದು ಕಷ್ಟ ಅಂದಿದ್ದರು ಡಾಕ್ಟರು. ನೀನು ನನ್ನ ಮುಖ ನೋಡಿ ತುಟಿ ಅಲ್ಲಾಡಿಸಿದೆ. ‘ರೈಟ್’ ಅಂದೆ. ನೀರು ಬೇಕಾ ಅಂದರೂ ರೈಟ್, ನೋವಾ ಅಂದರೂ ರೈಟ್. ಮೂರು ಭಾಷೆಯಲ್ಲಿ ಊರನ್ನೆಲ್ಲ ಮಾತಾಡಿಸುತ್ತಿದ್ದವನಿಗೆ ಉಳಿದದ್ದು ಅದೊಂದೇ. ನನಗೆ ಅರ್ಥವಾಗದಾಗ ಎಡಗೈಯಿಂದ ಮಂಚ ಗುದ್ದಿದೆ. ಮುರಳಿ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ.

ಆಗ ಸರಿ ಬಂದು ಮಂಚದ ಅಂಚಿನಲ್ಲಿ ಕೂತಳು. ನಿನ್ನ ಬಲಗೈ ಮುಟ್ಟಿ, “ಕಾನಾನ್?” ಅಂದಳು. ನೀನು ತಲೆಯಾಡಿಸಲಿಲ್ಲ. ದಿಂಬು ಒತ್ತಿ ನೋಡಿ, “ಪಾಸ್?” ಅಂದಳು. “ರೈಟ್” ಅಂತ ಮತ್ತೆ ಎಳೆದೆ, ಬಸ್ಸು ಹೊರಡಿಸೋ ರಾಗದಲ್ಲಿ. “ಓ, ಜಾಲಾನ್,” ಅಂದು ಅವಳು ಕಿಟಕಿಯ ಕಡೆ ಕೈ ತೋರಿಸಿದಳು. “ಮಾವಂಗೆ ಮನೆಗೆ ಹೋಗ್ಬೇಕು.” ನಿನ್ನ ಕಣ್ಣಲ್ಲಿ ನೀರು ಬಂತು. ಅದು ನಿಜವೇ ಆಗಿತ್ತಲ್ಲ ಅಪ್ಪಾ?

ಮನೆಗೆ ಬಂದ ಮೇಲೊಂದು ಸಂಜೆ ಅವಳನ್ನು ಕೇಳಿದೆ, “ನಿಂಗೆ ಹೆಂಗೆ ಗೊತ್ತಾಯ್ತದೆ?”

“ನಾನು ಬಂದಾಗ ನನಗೆ ಇಲ್ಲಿ ಮಾತು ಇಲ್ಲ ಅಕ್ಕಾ,” ಅಂದಳು. “ಎಲ್ಲರ ಮಾತಲ್ಲಿ ಬರೀ ಸದ್ದು ಕೇಳ್ತಿದ್ದೆ. ಕೋಪ ಯಾವುದು, ಪ್ರೀತಿ ಯಾವುದು ಅಂತ. ಮಾವಂದೂ ಹಂಗೇ ಕೇಳ್ತೀನಿ.”

ಎಡಗೈಯಲ್ಲಿ ಅನ್ನ ಮುಟ್ಟೋಲ್ಲ ಅಂತ ನೀನು ಹಟ ಹಿಡಿದೆ. “ನಮ್ಮ ಊರಲ್ಲೂ ಎಡಗೈಲಿ ತಿನ್ನಲ್ಲ” ಅಂದ ಸರಿ ತನ್ನ ಬಲಗೈಯಲ್ಲಿ ಮುದ್ದೆ ಮುರಿದು, ಸಾರಲ್ಲಿ ಅದ್ದಿ, ನಿನ್ನ ಬಾಯಿಗಿಟ್ಟಳು. ಕೊನೆಯ ದಿನದವರೆಗೂ ಅವಳೇ ಇಟ್ಟಳು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ನಿನ್ನನ್ನು ಅಂಗಳದಲ್ಲಿ ಮಲಗಿಸಿದ್ದ ಬೆಳಗ್ಗೆ ನಡೆದದ್ದು ನಿನಗೆ ಗೊತ್ತಿಲ್ಲ. ಬಾಯಿಗೆ ಅಕ್ಕಿ ಹಾಕೋ ಹೊತ್ತು. ಮುರಳಿ ಹಾಕಿದ, ನಾನು ಹಾಕಿದೆ. ಸರಿ ಮುಂದೆ ಬಂದಾಗ ಅತ್ತೆ ತಟ್ಟೆ ಹಿಂದಕ್ಕೆಳೆದುಕೊಂಡಳು. ಅವಳಿಗೆ ಅರ್ಥವಾಗದ ಹಾಗೆ ಬೇಗಬೇಗ, ತಗ್ಗಿದ ದನಿಯಲ್ಲಿ ನನಗೆ ಹೇಳಿದಳು: “ಬೇರೆ ದೇಸದೋಳು, ಬೇರೆ ಜನ. ಅಕ್ಕಿ ಹಾಕಕ್ಕೆ ಅವಳಿಗೇನ್ ಹಕ್ಕೈತೆ?”

ಸರಿ ನಿಂತಲ್ಲೇ ತಿರುಗಿದಳು. ಅಷ್ಟೂ ಮಾತಿನಲ್ಲಿ ಅವಳಿಗೆ ಚೆನ್ನಾಗಿ ಗೊತ್ತಾದದ್ದು ಹಕ್ಕು ಅನ್ನೋ ಒಂದೇ ಪದವಂತೆ. ಅವರ ಭಾಷೆಯಲ್ಲೂ ಅದು ‘ಹಕ್’. ರೈಟ್ ಅನ್ನೋದಕ್ಕೆ ನೀನು ಅವಳಿಗೆ ಯಾವತ್ತೂ ಹೇಳಿಕೊಡದ ಅರ್ಥ.

“ಹಕ್ಕು ನಂಗೈತೆ ಅತ್ತೆ,” ಅಂದಳು. ದನಿ ಏರಿಸಲಿಲ್ಲ. “ದಿನಾ ಊಟ ನಾನು ಕೊಟ್ಟೆ. ಇದೂ ಊಟ.”

ಅವಳು ಚಾಚಿದ್ದ ಅಂಗೈಯನ್ನು ಅತ್ತೆ ನೋಡುತ್ತಲೇ ಇದ್ದಳು. ಆಮೇಲೆ ತಟ್ಟೆಯಿಂದ ತಾನೇ ಒಂದು ಹಿಡಿ ಅಕ್ಕಿ ತೆಗೆದು ಆ ಕೈಗೆ ಸುರಿದು, “ಹಾಕವ್ವ,” ಅಂದಳು. ಸರಿ ಬಗ್ಗಿ ಅಕ್ಕಿ ಹಾಕಿ, ನಿನ್ನ ಕಿವಿಯ ಹತ್ತಿರ ಏನೋ ಹೇಳಿದಳು. ಏನಂದೆ ಅಂತ ನಾನು ಕೇಳಲಿಲ್ಲ. ಅದು ನಿಮ್ಮಿಬ್ಬರ...

ಈಗ ನೀನು ಕೇಳದ ಸುದ್ದಿ. ಸರಿಯ ತಂಗಿಗೆ ಮದುವೆ. ಮುರಳಿ, ಸರಿ ಹೊರಟಿದ್ದಾರೆ, ಜೊತೆಗೆ ನಾನೂ. ಸೇಲಂ ದಾಟಿ ಯಾವತ್ತೂ ಹೋಗದ ನಿನ್ನ ತಂಗಿಯೂ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದಾಳೆ. ಫೋಟೋದಲ್ಲಿ ಯಾರನ್ನೋ ಬೈಯೋ ಹಾಗೆ ಕೂತಿದ್ದಾಳೆ, ನೋಡಿದ್ದರೆ ನಗುತ್ತಿದ್ದೆ.

ಮೊನ್ನೆ ಅವರೆಕಾಯಿ ಸುಲಿಯುತ್ತಾ ಅತ್ತೆ ಸರಿಯನ್ನು ಕೇಳಿದಳು, “ನಿಮ್ಮವ್ವಂಗೆ ‘ಇವಳು ನಮ್ಮ ಹುಡುಗಿ’ ಅಂತ ಹೇಳ್ಬೇಕು. ಹೇಳ್ಕೊಡೇ.”

“ನಮ್ಮ ಅನ್ನೋದು ನಮ್ಮಲ್ಲಿ ಎರಡೈತೆ ಅತ್ತೆ. ‘ಕಾಮಿ’ ಅಂದ್ರೆ ಹೇಳೋರು ಮಾತ್ರ. ‘ಕಿತಾ’ ಅಂದ್ರೆ ಕೇಳೋರೂ ಸೇರ್ತಾರೆ.”

“ತೆಲುಗಲ್ಲಿ ಮಾ, ಮನ ಇದ್ದಂಗೆ,” ಅಂದಳು ಅತ್ತೆ. ಕಾಯಿ ಸುಲಿಯೋದು ನಿಲ್ಲಿಸಿ ಸ್ವಲ್ಪ ಯೋಚಿಸಿದಳು. “ಹೆತ್ತೋಳ್ನ ಹೊರಗಿಟ್ಟು ಮಾತಾಡಕಾಯ್ತದಾ? ಸೇರ್ಸೋದೇ ಹೇಳ್ಕೊಡು.”

ಅಂದಿನಿಂದ ಒಲೆ ಮುಂದೆ, ನಲ್ಲಿ ಹತ್ತಿರ, ಹೂ ಕಟ್ಟುವಾಗ, ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಾಳೆ ಅಪ್ಪಾ: ‘ಇನಿ ಆನಕ್ ಕಿತಾ.’ ಇವಳು ನಮ್ಮ ಹುಡುಗಿ. ನಿಮ್ಮವಳೂ ಹೌದು, ನಮ್ಮವಳೂ ಹೌದು.

ನಿನ್ನ ಮಗಳು