ಡಾಕ್ಟರಮ್ಮ ಕೇಳಿದ ಸಿಳ್ಳೆ

ಅಮ್ಮಾ,

ಕಿವಿಯ ಕೆಳಗಿನ ಗಂಟನ್ನು ತೆಗೆದರು, ಗಾಬರಿಯಾಗಬೇಡ. ಮುಖ ಆಡಿಸುವ ನರ ಆ ಗಂಟಿಗೇ ಅಂಟಿಕೊಂಡಿತ್ತಂತೆ. ಡಾಕ್ಟರಮ್ಮ ಊಟ ತಿಂಡಿ ಮರೆತು ನಿಂತು, ಅದರ ಒಂದೊಂದು ಎಳೆಯನ್ನೂ ನೋಯಿಸದೆ ಬಿಡಿಸಿದರು ಎಂದು ನರ್ಸ್ ಹೇಳಿದಳು. ನನಗೆ ಎಚ್ಚರವಾದಾಗ ಅವರು ನೋವಿದೆಯಾ ಎಂದು ಕೇಳಲಿಲ್ಲ. "ಎಲ್ಲಿ, ಒಂದು ಸಿಳ್ಳೆ ಹಾಕಪ್ಪ ನೋಡೋಣ" ಅಂದರು. ನರಕ್ಕೆ ಪೆಟ್ಟಾಗಿದ್ದರೆ ತುಟಿ ಸೊಟ್ಟಗಾಗಿ ಬರೀ ಗಾಳಿ ಬರುತ್ತಿತ್ತು. ಹಾಕಿದೆ. ಅವರು ಮಂಚದ ಅಂಚಿನಲ್ಲಿ ಮೆಲ್ಲಗೆ ಕೂತು, "ಇನ್ನೊಂದ್ಸಲ" ಅಂದರು. ಯಾವ ಸಿಳ್ಳೆಗೆ ನೀನು ಜೀವಮಾನವೆಲ್ಲ ಬೈದೆಯೋ ಅದನ್ನೇ ಅವರು ಕೇಳಿ ಹಾಕಿಸಿಕೊಂಡರು.

ಭಾನುವಾರ ಬರುತ್ತೇನೆ. ಅಗಿಯಲು ಕಷ್ಟ, ಮೆತ್ತಗಿನದೇನಾದರೂ ಮಾಡಿಡು. ನಡುಮನೆಯಲ್ಲೇ ನಿಂತು ಸಿಳ್ಳೆ ಹಾಕುತ್ತೇನೆ. ಎಂದಿನ ಹಾಗೆ ಬೈಯಬೇಕು, ಅಳಬಾರದು.

ನೀನು ಕರೆಯುವ ಹಾಗೆ,
ಪೋಲಿ