ಭಾವಮೈದನ ಗಂಟು

ಕನಕಪುರ, ಆಸ್ಪತ್ರೆಯ ಜಗಲಿ
೧೨-೫-೧೯೯೮

ಪ್ರೀತಿಯ ತಮ್ಮ ಅಂಕಯ್ಯನಿಗೆ,

ಅಕ್ಕ ಸರಸಮ್ಮನ ಆಶೀರ್ವಾದ. ಮುಖದ ಊತ ಇಳಿಯಿತೇ? ಜೇನು ಕಚ್ಚಿ ಒಂದು ಕಣ್ಣು ಮುಚ್ಚೇ ಹೋಗಿದೆ, ಕಲ್ಯದ ತನ್ನ ಮನೆಗೆ ಬಂದವನು ಮೂಲೆಯಲ್ಲಿ ಮುದುರಿ ಮಲಗಿದ್ದಾನೆ, ಅನ್ನ ಮುಟ್ಟುತ್ತಿಲ್ಲ ಎಂದು ಮಾರಕ್ಕ ದೊಡ್ಡಮ್ಮ ಹೇಳಿಕಳಿಸಿದಳು. ಸುಣ್ಣ ಹಚ್ಚಿಸಿಕೋ. ಇದಿಷ್ಟು ಓದಿ ಮೊದಲು ಊಟ ಮಾಡು: ನಿನ್ನ ಭಾವ ಬದುಕಿದ್ದಾರೆ. ತೊಡೆಮೂಳೆ ಮುರಿದಿದೆ, ಪಕ್ಕೆ ನೋವಿದೆ, ತಲೆಗೆ ಏನೂ ಆಗಿಲ್ಲ.

ಅವರು ಬಂಡೆಯಿಂದ ಬಿದ್ದ ಕಥೆಯನ್ನು ಮೊದಲು ಹೇಳಿದವನು ಹುಸೇನ್, ಭಾನುವಾರ ಸಂಜೆ, ಇದೇ ಜಗಲಿಯಲ್ಲಿ. ಜೇನು ಇಳಿಸುವಾಗ ಬಂಡೆಯ ಕೆಳಗೆ ಡಬ್ಬ ಹಿಡಿದು ನಿಲ್ಲುವವನು ಅವನೇ ತಾನೆ. ಹೆಂಗಸರು ಅತ್ತ ಸುಳಿಯಬಾರದೆಂದು ನೀವು ಗಂಡಸರು ಮಾಡಿಕೊಂಡ ನಿಯಮ. ನನ್ನ ಪಾಲಿಗೆ ಬಂದದ್ದು ಅವನ ಮಾತು ಮಾತ್ರ. ಟೆಂಪೋ ಹತ್ತಿ ಬಂದಿದ್ದ ಊರವರೆಲ್ಲ ಸುತ್ತ ಕೂತಿದ್ದರು. "ಕೆಂಪಯ್ಯಣ್ಣ ಅರ್ಧ ಇಳಿದಿದ್ದ. ಅಂಕಯ್ಯ ಮ್ಯಾಲೆ ಹಗ್ಗ ಹಿಡ್ಕಂಡು ಗೂಳಿ ಹಂಗೆ ನಿಂತಿದ್ದ. ಬಂಡೆ ಅಂಚಿಗೆ ಉಜ್ಜಿ ಉಜ್ಜಿ ಹಗ್ಗ ಹರದೋಯ್ತು ಕಣ್ರಪ್ಪ, ಅವ್ನು ಕೈ ಬುಡ್ಲಿಲ್ಲ" ಅಂದ. ನೀನು ಬಗ್ಗಿ ನೋಡಿ "ಭಾವಾ" ಎಂದು ಕೂಗಿ, ಜೇನು ಮುತ್ತಿಕೊಂಡಂತೆಯೇ ಓಡಿದೆಯಂತೆ. ಸತ್ತೇ ಹೋದರು ಅಂದುಕೊಂಡೆಯೇನೋ. ಕೆಳಗಿನ ಹಾಸುಬಂಡೆಗೆ ತಲೆ ಬಡಿದ ಸದ್ದು ತೆಂಗಿನಕಾಯಿ ಒಡೆದ ಹಾಗಿತ್ತಂತೆ. ಹುಸೇನ್ ಹೆದರುತ್ತ ತಲೆಗೆ ಹೊದ್ದಿದ್ದ ಕಂಬಳಿಕೊಪ್ಪೆ ಸರಿಸಿದರೆ ಒಳಗೆ ಹಳದಿ ಹೆಲ್ಮೆಟ್, ನಡುವೆ ಸೀಳಿತ್ತು. ಒಡೆದದ್ದು ಅದು.

ಹೋದ ವರ್ಷ ನಮ್ಮ ಬಂಡೆ ಹತ್ತಲು ಬಂದಿದ್ದ ಹುಡುಗರು ನೆನಪಿದ್ದಾರಲ್ಲ? ಸೊಂಟಕ್ಕೆ ಬೆಲ್ಟು, ತಲೆಗೆ ಹೆಲ್ಮೆಟ್, ಮೇಲೆ ಎರಡೆರಡು ಹಗ್ಗ. "ಪಾಪ, ಇವ್ರಿಗೆ ಬಾಮೈದ್ರೇ ಇಲ್ವೇನ್ಲಾ" ಎಂದು ನಿನ್ನ ಭಾವ ನಕ್ಕಿದ್ದರು. ನಮ್ಮಲ್ಲಿ ಜೇನಿಗೆ ಇಳಿಯುವವನ ಹಗ್ಗ ಹಿಡಿಯಬೇಕಾದವನು ಹೆಂಡತಿಯ ತಮ್ಮ. ಅಕ್ಕನ ತಾಳಿ ಅವನ ಅಂಗೈಯಲ್ಲಿರುತ್ತದೆ. ಸೊಂಟಕ್ಕೆ ಗಂಟು ಹಾಕುವವನು ಅವನೇ, ಮೇಲೆ ಬಂದ ಮೇಲೆ ಬಿಚ್ಚುವವನೂ ಅವನೇ. ಆ ಹುಡುಗರು ಹೋಗುವಾಗ ಒಬ್ಬರಿಗಾಗುವಷ್ಟು ಸಾಮಾನು ಕೊಟ್ಟುಹೋದರು. ಮೊಣಕಾಲು ನಡುಗುತ್ತದೆಂದು ಈ ಸಲ ನಿನ್ನ ಭಾವ ಅದನ್ನು ಕೈಗೆತ್ತಿಕೊಂಡಾಗ ನೀನು ಏನಂದೆ? "ನನ್ ಕೈಗಿಂತ ಆ ನೈಲಾನ್ ಹಗ್ಗ ಹೆಚ್ಚಾಯ್ತಾ ಭಾವ? ಹಂಗಾರೆ ಅದುನ್ನೇ ಬಾಮೈದ ಅಂತ ಕರಕ್ಕಳಿ" ಎಂದು ಮುಖ ತಿರುಗಿಸಿದೆ. ಅವರು ಬೆಲ್ಟನ್ನೂ ಹಗ್ಗವನ್ನೂ ಮೊಳೆಗೆ ತಗುಲಿಹಾಕಿದರು. ಹೆಲ್ಮೆಟ್ಟನ್ನು ಮಾತ್ರ ನಿನಗೆ ಕಾಣದ ಹಾಗೆ ಕೊಪ್ಪೆಯೊಳಗೆ ಹಾಕಿಕೊಂಡಿದ್ದಾರೆ. ನಿನಗೆ ಬೇಜಾರಾಗಬಾರದೆಂದು ತೊಡೆ ಮುರಿದುಕೊಂಡರು. ಅಷ್ಟಾದರೂ ಕದ್ದು ಹಾಕಿಕೊಂಡದ್ದರಿಂದ ನನ್ನ ಕುಂಕುಮ ಉಳಿಯಿತು. ಯಾರಿಗೆ ಬೈಯಲಿ ಹೇಳು? ಅವರು ಮಲಗಿದ್ದಾರೆ, ನೀನು ಓಡಿಹೋಗಿದ್ದೀಯ. ನಾನು ಫ್ಲಾಸ್ಕಿನ ಕಾಫಿ ಲೋಟಕ್ಕೆ ಬಗ್ಗಿಸಿ, ಕುಡಿಯದೆ ಆರಿಸುತ್ತ ಕೂತಿದ್ದೇನೆ.

ನೆನ್ನೆ ಬೆಳಿಗ್ಗೆ ಸೀರೆ ತರಲು ಊರಿಗೆ ಹೋದೆ. ಹುಸೇನನ ಕಥೆ ಕೇಳಿದವರೆಲ್ಲ ನಮ್ಮ ಅಂಗಳದಲ್ಲಿದ್ದರು. ತಂತಮ್ಮ ಹಗ್ಗ ತಂದು ಇಬ್ಬಿಬ್ಬರು ಹಿಡಿದು ಜಗ್ಗಿ ನೋಡುತ್ತಿದ್ದರು. ಬಸವಯ್ಯ ಮೊಳೆಯಿಂದ ಬೆಲ್ಟು ಇಳಿಸಿ, ಕಾಲು ಯಾವುದರಲ್ಲಿ ತೂರಿಸುವುದೆಂದು ತಿಳಿಯದೆ ಕತ್ತಿಗೆ ಹಾಕಿಕೊಂಡ. "ಎತ್ತಿನ್ ಕೊರಳಪಟ್ಟಿ ಆಯ್ತಲ್ಲೋ" ಎಂದು ಎಲ್ಲರೂ ನಕ್ಕರು. ಆಮೇಲೆ ಅವನ ಭಾವಮೈದನೇ ಮುಂದೆ ಬಂದು, ಮಂಡಿಯೂರಿ ಕೂತು, ಪಟ್ಟಿಗಳನ್ನು ಒಂದೊಂದಾಗಿ ಬಿಗಿದ. ಆಗ ಯಾರೂ ನಗಲಿಲ್ಲ.

ದೊಡ್ಡಮ್ಮನ ಕಾಲಿಗೆ ನನ್ನ ನಮಸ್ಕಾರ ಮುಟ್ಟಿಸು. ನಿನ್ನ ಕೈಗಳು ತಣ್ಣಗಿರಲಿ.

ನಿನ್ನ ಅಕ್ಕ,
ಸರಸಮ್ಮ

ತಾ.ಕ.: ಈ ಕಾಗದ ತರುವ ಹುಸೇನ್ ಮಾಗಡಿ ಬಸ್ಸಿಗೆ ಅವಸರ ಮಾಡುತ್ತಿದ್ದಾನೆ. ನರ್ಸಮ್ಮ ಸೊಂಟದ ಹಗ್ಗವನ್ನು ಬೆನ್ನ ಕಡೆಯಿಂದ ಕತ್ತರಿಸಿ ತೆಗೆದರು. ನೀನು ಹಾಕಿದ ಗಂಟು ಹಾಗೆಯೇ ಭಾವನ ಮುಷ್ಟಿಯಲ್ಲಿದೆ. ನಾಳೆ ಆಪರೇಷನ್ ಆಗಲೇಬೇಕು, ತಡವಾದರೆ ಕಾಲು ಉಳಿಯುವುದು ಕಷ್ಟ ಎನ್ನುತ್ತಾರೆ ಡಾಕ್ಟರು. ಇವರು ಒಪ್ಪುತ್ತಿಲ್ಲ. "ನಾನಿನ್ನೂ ಮ್ಯಾಲಕ್ ಬಂದಿಲ್ಲ. ಅಂಕ ಬಂದು ಬಿಚ್ಲಿ" ಎನ್ನುತ್ತಾರೆ. ಅತ್ತೂ ಆಯಿತು, ಬೈದೂ ಆಯಿತು. ಹುಸೇನ್ ಬಾಗಿಲಲ್ಲೇ ನಿಂತಿರುತ್ತಾನೆ, ಅವನ ಜೊತೆಗೇ ಹೊರಟು ಬಾ.