ಕಿಟಕಿಯ ಹೊರಗಿನ ಸ್ಕೂಟರ್

೨ ಆಗಸ್ಟ್ ೧೯೭೭
ಇವತ್ತೂ ಅದೇ. ಬಿಸಿ ಅಳೆದು ಅಂಕಿಯಲ್ಲಿ ತೋರಿಸುವ ನಮ್ಮ ಹೊಸ ಮೀಟರ್ ದಿನವಿಡೀ ಇನ್ನೂರ ಹತ್ತು ಡಿಗ್ರಿ ಎಂದು ತೆಪ್ಪಗಿರುತ್ತದೆ. ಸಂಜೆ ಇದ್ದಕ್ಕಿದ್ದಂತೆ ಇನ್ನೂರ ಎಪ್ಪತ್ತು, ನೂರ ತೊಂಬತ್ತು... ದೆವ್ವ ಹಿಡಿದ ಹಾಗೆ. ಲಕ್ಷ್ಮೀಪತಿ ಸಾರ್ ರೇಗಿದರು. "ವತ್ಸಲಾ, ಗಿರಾಕಿ ಮುಂದೆ ಹೀಗೆ ಕುಣಿದ್ರೆ ರಾಜಾಜಿನಗರದಿಂದ ಗಂಟುಮೂಟೆ ಕಟ್ಬೇಕು ಕಣಮ್ಮ."

ಕುಣಿತ ಶುರುವಾಗುವುದು ಜಂಬಣ್ಣ ಬರುವ ಹೊತ್ತಿಗೆ. ಕಾರ್ಖಾನೆಗಳಿಗೆ ಮೀಟರ್ ಹಾಕಿಕೊಟ್ಟು ಬರುತ್ತಾರೆ. ಹಳೆಯ ಸ್ಕೂಟರ್, ಆರಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ನನ್ನ ಕಿಟಕಿಯ ಹೊರಗೆ ಗುರುಗುಟ್ಟುತ್ತಲೇ ಇರುತ್ತದೆ. "ಏನ್ರೀ ವತ್ಸಲಾ, ಚಾ ಆತೇನ್ರಿ?" ಅಷ್ಟು ಕೇಳಿದರೆ ನನಗೆ ದಿನ ತುಂಬಿತು.

೪ ಆಗಸ್ಟ್
ವೈರಿನೊಳಗಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಹಾಕಿ ನೋಡಿದೆ. ಪರದೆಯ ನೆಟ್ಟನೆ ಗೆರೆಯ ಮೇಲೆ ಸೂಜಿಯಂಥ ಮುಳ್ಳುಗಳು. ಒತ್ತೊತ್ತಿಗೆ ಎರಡು, ಬಿಡುವು, ಮತ್ತೆ ಎರಡು. ಹೊರಗೆ ಸ್ಕೂಟರ್ ಕೆಮ್ಮುವುದೂ ಹಾಗೆಯೇ! ಅದರ ಪ್ಲಗ್ಗಿನ ಕಿಡಿ ನಮ್ಮ ಮೀಟರಿನ ವೈರ್‌ಗೆ ಹೊಡೆಯುತ್ತಿದೆ. ಕಂಡುಹಿಡಿದ ಹೆಮ್ಮೆಯಲ್ಲಿ ಓಡಿಹೋಗಿ ಸಾರ್‌ಗೆ ಹೇಳಿಬಿಟ್ಟೆ. ಪೆದ್ದಿ.

"ಜಂಬಣ್ಣ, ಇನ್ಮೇಲೆ ಗಾಡಿ ಮೇನ್ ರೋಡಲ್ಲೇ ಬಿಟ್ಟು ಬಾರಪ್ಪ."

೧೧ ಆಗಸ್ಟ್
ಮೀಟರ್ ಈಗ ಸಾಧು. ಜಂಬಣ್ಣ ಮುಂಬಾಗಿಲಿಂದ ಬಂದು, ರಿಪೋರ್ಟ್ ಕೊಟ್ಟು, ಹಾಗೇ ಹೋಗುತ್ತಾರೆ. ಗುರುಗುಟ್ಟುವ ಗಾಡಿಯನ್ನು ರಸ್ತೆಯಲ್ಲಿ ಬಿಟ್ಟು ಎಷ್ಟು ಹೊತ್ತು ನಿಂತಾರು? ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ. ವಿಜಯನಗರದ ಬಸ್ಸಿಗೆ ನಿಂತಾಗಲೂ ಸ್ಕೂಟರ್ ಸದ್ದಿಗೆಲ್ಲ ಕತ್ತು ತಿರುಗುತ್ತದೆ.

ಸಾರ್ ಹೇಳಿದ ಸುದ್ದಿ — ಜಂಬಣ್ಣನಿಗೆ ಊರಲ್ಲೇ, ಹೊಸಪೇಟೆಯಲ್ಲಿ, ಕೆಲಸ ಬಂದಿದೆಯಂತೆ. ತಿಂಗಳ ಕೊನೆಗೆ ಉತ್ತರ ಕೊಡಬೇಕಂತೆ.

೧೨ ಆಗಸ್ಟ್
ಸಾರ್ ಹತ್ತಿರ ವಾದ ಮಾಡಿದೆ. "ಗಿರಾಕಿ ಕಾರ್ಖಾನೇಲಿ ವೆಲ್ಡಿಂಗ್, ಮೋಟಾರು ಎಲ್ಲಾ ಇರತ್ತೆ. ಅವನ್ನೂ ಮೇನ್ ರೋಡಿಗೆ ಕಳಿಸ್ತೀರಾ? ಫಿಲ್ಟರ್ ಹಾಕೋಣ ಸಾರ್."

"ಅಂಕಿ ಬಂದ್ಮೇಲೆ ತಪ್ಪಿದ್ದನ್ನ ತೆಗೆದುಹಾಕಿದ್ರೆ ಆಗಲ್ವೇ?"

"ಅಂಕಿ ಆದ್ಮೇಲೆ ಯಾವುದು ಮುಳ್ಳು, ಯಾವುದು ನಿಜ ಗೊತ್ತಾಗಲ್ಲ. ಕಾಫಿ ಸೋಸೋದು ಲೋಟಕ್ಕೆ ಹಾಕೋಕೆ ಮುಂಚೆ ಅಲ್ವಾ?"

ಒಪ್ಪಿದರು. ಹೇಳದೆ ಉಳಿಸಿಕೊಂಡಿದ್ದು ಇಷ್ಟೇ: ಆ ಸ್ಕೂಟರ್ ಕಿಟಕಿಗೆ ವಾಪಸ್ ಬರಬೇಕು.

೧೯ ಆಗಸ್ಟ್
ಫಿಲ್ಟರಿಗೆ ಹಾಕಿದ ಕೆಪಾಸಿಟರ್ ದೊಡ್ಡದಾಯಿತು. ಮುಳ್ಳು ಹೋಯಿತು, ಜೊತೆಗೆ ಚುರುಕೂ ಹೋಯಿತು — ಬಿಸಿ ಏರಿದರೂ ಅಂಕಿ ಆಕಳಿಸುತ್ತಾ ಏರುತ್ತದೆ. ಬದಲಿಸಬೇಕು. ಅಮ್ಮ ಕೇಳಿದಳು, "ತಟ್ಟೆ ಮುಂದೆ ಕೂತು ಏನೇ ಯೋಚನೆ?" ಕೆಪಾಸಿಟರ್ ಅಂದೆ. ನಂಬಿದಳು.

೨೬ ಆಗಸ್ಟ್
ಸರಿಹೋಯಿತು! ಪರೀಕ್ಷೆಗೆ ಸ್ಕೂಟರ್ ಬೇಕೆಂದೆ. ಬಂತು. ಕಿಟಕಿಯ ಹೊರಗೆ ಹೊಟ್ಟೆ ತುಂಬ ಗುರುಗುಟ್ಟಿತು. ಇನ್ನೂರ ಹತ್ತು... ಅಲುಗಲಿಲ್ಲ. ಸಾರ್ ಶಭಾಷ್ ಎಂದು ಒಳಗೆ ಹೋದರು.

"ಹಂಗಾರ ಇನ್ನ ನಾ ಬಂದ್ರೂ ಮಷೀನಿಗೆ ಗೊತ್ತಾಗಂಗಿಲ್ಲ?" ಎಂದರು ಜಂಬಣ್ಣ.

"ಅದಕ್ಕೆ ಗೊತ್ತಾಗಲ್ಲ. ನಂಗೆ ಗೊತ್ತಾಗತ್ತೆ. ಸ್ಕೋಪನ್ನ ಫಿಲ್ಟರ್‌ಗಿಂತ ಮುಂಚೆನೇ ಹಾಕಿದೀನಿ, ಅಲ್ಲಿ ನಿಮ್ಮ ಗಾಡಿ ಮುಳ್ಳು ಇನ್ನೂ ಕಾಣತ್ತೆ."

ಅವರು ನಗಲಿಲ್ಲ. "ಹೊಸಪ್ಯಾಟಿಗೆ ಹೋಗ್ಲೋ, ಬ್ಯಾಡೋ? ನೀವ ಹೇಳ್ರಿ."

"ನಿಮ್ಮಿಷ್ಟ" ಅಂದೆ. ಯಾವ ಬಾಯಲ್ಲಿ ಅಂದೆನೋ! ಬೇಡ, ಬೇಡ, ಬೇಡ — ಇಲ್ಲಿ ಬರೆದರೆ ಯಾರಿಗೆ ಕೇಳುತ್ತದೆ?

೩೧ ಆಗಸ್ಟ್, ಸಂಜೆ, ವರ್ಕ್‌ಬೆಂಚಿನಲ್ಲೇ
ಶನಿವಾರದಿಂದ ಜಂಬಣ್ಣ ಇಲ್ಲ. ಉತ್ತರ ಕೊಡಲು ಊರಿಗೆ ಹೋಗಿದ್ದಾರಂತೆ. "ಕೆಲಸ ಮುಗೀತಲ್ಲಮ್ಮ, ಸ್ಕೋಪ್ ಯಾಕೆ ಆನ್ ಇದೆ?" ಎಂದರು ಸಾರ್. ಇನ್ನೊಂದು ಟೆಸ್ಟ್ ಇದೆ ಅಂದೆ.

ಗೆರೆ ನೆಟ್ಟಗಿದೆ. ಇಷ್ಟು ಚೊಕ್ಕ ಗೆರೆ ಯಾರಿಗೆ ಬೇಕಾಗಿತ್ತು. ಎಲ್ಲ ಆರಿಸಿ ಬಸ್ಸಿಗೆ ಹೋಗಬೇಕು...

ಒಂದು ಮುಳ್ಳು. ಯಾರದೋ ಗಾಡಿ ಇರಬೇಕು.

ಅಲ್ಲ. ಒತ್ತೊತ್ತಿಗೆ ಎರಡು. ಬಿಡುವು. ಮತ್ತೆ ಎರಡು. ಮೀಟರ್ ಮಾತ್ರ ಏನೂ ಅರಿಯದೆ ಇನ್ನೂರ ಹತ್ತು ಎಂದು ಕೂತಿದೆ.

ಹೇಳಿ ಹೋಗಲು ಬಂದಿದ್ದರೂ ಸರಿ. ಈ ಸಲ ನಿಮ್ಮಿಷ್ಟ ಅನ್ನುವುದಿಲ್ಲ. ಕಿಟಕಿ ತೆಗೆದು, ಮೊದಲ ಮಾತೇ —